ಮಂಜಿನಲ್ಲಿ ಓಗೊಟ್ಟ ದನಿ

ಹೋದ ವರ್ಷ ಸಂಕ್ರಾಂತಿ ಹತ್ತಿರವಿತ್ತು. ಕಾಗವಾಡ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಫಿಟ್ನೆಸ್ ಕೋಚ್ ಆಗಲು ಪರೀಕ್ಷೆ ಕೊಡಬೇಕಿದ್ದ ದಿನ. ಹೆಂಗಸರೆಲ್ಲ ಸೇರಿ ಬೆಳಗಿನ ಜಾವ ಇಂಥದ್ದೊಂದು ಕ್ಲಾಸ್ ನಡೆಸುತ್ತೇವೆ ಎಂದರೆ ನಗುವವರು ಈಗಲೂ ಇದ್ದಾರೆ. ನಮ್ಮ ಅತ್ತೆಯಂತೂ, "ಹೊಲದಾಗ ಕಳೆ ತೆಗಿಯಾಕ ಬಾ ಅಂದ್ರ ಸೊಂಟಾ ನೋಯ್ತೈತಿ, ಅಲ್ಲಿ ಕುಣಿಯಾಕ ನೋಯಂಗಿಲ್ಲೇನ?" ಎಂದು ದಿನಾ ಕಾಲೆಳೆಯುತ್ತಿದ್ದರು.

ಕ್ಲಾಸ್ ನಡೆಯುತ್ತಿದ್ದದ್ದು ಅಪ್ಪಾಸಾಬ ಮಾಮಾ ಅವರ ಒಣದ್ರಾಕ್ಷಿ ಶೆಡ್ಡಿನಲ್ಲಿ. ದ್ರಾಕ್ಷಿ ಒಣಹಾಕುವ ಹಂಗಾಮು ಶುರುವಾಗುವ ತನಕ ಅದು ಖಾಲಿ. ನಮಗೆ ಕಲಿಸಿದ ರೇಖಾ ಮೇಡಂ ಚಿಕ್ಕೋಡಿಯವರು. ಆ ದಿನ ನಾನು ಕ್ಲಾಸ್ ನಡೆಸುವುದನ್ನು ನೋಡಿ ಪರೀಕ್ಷಿಸಲೆಂದೇ ಹಿಂದಿನ ಸಂಜೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು.

ನಮ್ಮ ವ್ಯಾಯಾಮ ಬಿರುಸಿನದು. ಮೈಯಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಓಡುವುದು, ಜಿಗಿಯುವುದು, ಒಂದು ಚೂರು ನಿಲ್ಲುವುದು, ಮತ್ತೆ ಶುರು. ಪ್ರತಿ ಸುತ್ತು ಮುಗಿದಾಗ ಕೋಚ್ ಒಬ್ಬೊಬ್ಬರ ಹೆಸರು ಕೂಗಬೇಕು, ಅವರು ಓಗೊಡಬೇಕು. ಮಾತು ಹೊರಟರೆ ಉಸಿರು ಸರಿಯಿದೆ ಎಂದರ್ಥ. ಹೊರಡದಿದ್ದರೆ ಅವರನ್ನು ಕೂರಿಸಬೇಕು. ಎಲ್ಲರೂ "ಹಾಂ" ಎಂದರೆ, ಅಂಗನವಾಡಿಯ ಶೋಭಕ್ಕ ಮಾತ್ರ ಮೆಲ್ಲಗೆ "ಅದೀನವಾ", ಅಂದರೆ ಇದ್ದೇನಮ್ಮಾ, ಎನ್ನುತ್ತಿದ್ದರು. ಅಷ್ಟು ಮೆತ್ತಗಿನ ದನಿ ನಮ್ಮಲ್ಲಿ ಇನ್ಯಾರದ್ದೂ ಇರಲಿಲ್ಲ.

ಆ ದಿನ ದಟ್ಟ ಮಂಜು. ಶೆಡ್ಡಿನ ಬಾಗಿಲಲ್ಲಿ ನಿಂತರೆ ಎದುರಿನ ದ್ರಾಕ್ಷಿ ಸಾಲೇ ಕಾಣುತ್ತಿರಲಿಲ್ಲ. ಆ ವಾರವಿಡೀ ಹಾಗೆಯೇ ಇತ್ತು, ನಾವು ಹಾಗೆಯೇ ಓಡಿದ್ದೆವು. ದ್ರಾಕ್ಷಿ ಒಣಹಾಕುವ ಹಸಿರು ಬಲೆಯ ತುಂಡೊಂದನ್ನು ಅಂಗಳದ ತುದಿಗೆ ಹಾಸಿದ್ದೆವು. ಓಡಿಹೋಗಿ ಅದನ್ನು ತುಳಿದು ತಿರುಗಿ ಬರಬೇಕು.

ಒಂದು ಸುತ್ತು ಮುಗಿಯಿತು. ಎಲ್ಲರೂ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದರು. ಪಕ್ಕದಲ್ಲಿದ್ದವರನ್ನು ಬಿಟ್ಟರೆ ಉಳಿದವರೆಲ್ಲ ಬರೀ ನೆರಳು. ನಾನು ಹೆಸರು ಕೂಗತೊಡಗಿದೆ.

"ಶೋಭಕ್ಕಾ?"

"ಅದೀನವಾ."

ಅದೇ ಮೆತ್ತಗಿನ ದನಿ. ಆದರೆ ಅದು ಸಾಲಿನಿಂದ ಬರಲಿಲ್ಲ. ಶೆಡ್ಡಿನ ಹಿಂದಿನಿಂದ, ನೆಲದೊಳಗಿಂದ ಬಂದ ಹಾಗಿತ್ತು. ಮತ್ತೊಮ್ಮೆ ಕರೆದೆ. ಮತ್ತೆ "ಅದೀನವಾ". ಈ ಸಲ ಕಿವಿಯ ಹತ್ತಿರವೇ ಯಾರೋ ಹೇಳಿದಂತೆ. ತಿರುಗಿ ನೋಡಿದರೆ ಯಾರೂ ಇಲ್ಲ.

ಮೊದಲ ಸಲ ದನಿ ಬಂದ ಕಡೆಗೆ ನಾನು ಓಡಿದೆ. "ಎಲ್ಲಿ ಹೊಂಟಿ?" ಎಂದು ಮೇಡಂ ಹಿಂದಿನಿಂದ ಕೂಗಿದರು. ಶೆಡ್ಡಿನ ಹಿಂದೆ ನೆಲದ ಮೇಲೆ ಹಸಿರು ಬಲೆ ಹಾಸಿತ್ತು. ತುಳಿಯಲು ಕಾಲೆತ್ತಿದವಳು ಹೇಗೋ ನಿಂತೆ. ಬಲೆ ನಡುವೆ ಹರಿದು ಜೋತುಬಿದ್ದಿತ್ತು. ಕೆಳಗೆ ಬಾವಿ! ಕತ್ತಿನ ತನಕ ನೀರಿನಲ್ಲಿ ಶೋಭಕ್ಕ, ಒಂದು ಕೈಯಲ್ಲಿ ಮೋಟಾರಿನ ಪೈಪು ಹಿಡಿದು ನೇತಾಡುತ್ತಿದ್ದರು.

ಆ ಸಣ್ಣ ಬಾವಿಗೆ ಕಟ್ಟೆಯಿಲ್ಲ. ಎಲೆ ಬಿದ್ದು ತೋಟಕ್ಕೆ ಹನಿ ನೀರುಣಿಸುವ ಡ್ರಿಪ್ಪಿನ ಪೈಪಿನಲ್ಲಿ ಕಸ ಕಟ್ಟದಿರಲಿ ಎಂದು ಮಾಮಾ ಹಿಂದಿನ ಸಂಜೆಯಷ್ಟೇ ಹಳೆಯ ಬಲೆ ಮುಚ್ಚಿದ್ದರಂತೆ. ಮಂಜಿನಲ್ಲಿ ದಾರಿ ತಪ್ಪಿದ ಶೋಭಕ್ಕ ಇದೇ ನಮ್ಮ ತಿರುಗುವ ಗುರುತು ಎಂದುಕೊಂಡು ಕಾಲಿಟ್ಟಿದ್ದರು.

ನನ್ನ ಕೂಗಿಗೆ ತೋಟದಲ್ಲಿದ್ದ ಮಾಮಾ ಹಗ್ಗ ತಂದರು, ಪೈಪು ಹಿಡಿದು ತಾವೇ ಇಳಿದು ಅವರ ಸೊಂಟಕ್ಕೆ ಕಟ್ಟಿದರು. ನಾವೆಲ್ಲ ಹೆಂಗಸರು ಸೇರಿ ಎಳೆದೆವು. ದಿನಾ ಬೆವರು ಸುರಿಸಿದ್ದು ಸಾರ್ಥಕವಾಯಿತು. ಮೇಲೆ ಬಂದಾಗ ನೋಡಿದೆ, ಹರಿದ ಬಲೆಯ ತುಂಡು ಅವರ ಮುಖಕ್ಕೆ ಬಿಗಿಯಾಗಿ ಸುತ್ತಿಕೊಂಡು ಬಾಯೊಳಗೆ ಹೊಕ್ಕಿತ್ತು. ಮಾಮಾ ದ್ರಾಕ್ಷಿ ಕತ್ತರಿಯಿಂದ ಅದನ್ನು ಕತ್ತರಿಸಿದ ಮೇಲೆಯೇ ಅವರು ಬಾಯಿ ತೆರೆದು ಉಸಿರೆಳೆದದ್ದು.

ಕಂಬಳಿ ಹೊದಿಸಿ, ಚಹಾ ಕುಡಿಸಿದೆವು. ನಡುಕ ಸ್ವಲ್ಪ ಇಳಿದ ಮೇಲೆ ಹೇಳಿದೆ, "ಛಲೋ ಆತ್ರಿ ಅಕ್ಕಾ, ನೀವು ಓಗೊಟ್ರಿ. ಇಲ್ಲಂದ್ರ ನನಗ ಗೊತ್ತಽ ಆಗ್ತಿರಲಿಲ್ಲ."

ಶೋಭಕ್ಕ ನನ್ನ ಮುಖವನ್ನೇ ನೋಡಿದರು. "ನಾ ಎಲ್ಲಿ ಓಗೊಟ್ಟೆ ಬೇ? ನೀ ಕರದದ್ದು ಕೇಳಿಸ್ತು. ಬಾಯಿ ತೆಗಿಯಾಕ ಆಗಲಿಲ್ಲ. ಮನಸ್ನ್ಯಾಗ ಅಷ್ಟ ಅಂದೆ."

ನಾನು ಮೇಡಂ ಕಡೆ ತಿರುಗಿದೆ. "ನನಗೂ ಏನೂ ಕೇಳಿಸ್ಲಿಲ್ಲವಾ," ಎಂದರು ಅವರು. "ನೀ ಎರಡು ಸಲ ಕರದಿ, ಸುಮ್ನ ನಿಂತಿ, ಆಮ್ಯಾಲ ಓಡಿದಿ." ಪಕ್ಕದಲ್ಲೇ ನಿಂತಿದ್ದವರೂ ಅದನ್ನೇ ಹೇಳಿದರು.

ದೆವ್ವ, ಗಾಳಿ ಇವನ್ನೆಲ್ಲ ನಾನು ನಂಬುವವಳಲ್ಲ. ಅತ್ತೆ ಇದೆಲ್ಲ ದೇವರ ಆಟ ಎಂದು ಕಾಯಿ ಒಡೆಸಿದರು, ಅವತ್ತಿನಿಂದ ಕುಣಿತದ ಮಾತು ಎತ್ತಿಲ್ಲ. ನನಗೆ ಮಾತ್ರ ಇವತ್ತಿಗೂ ಏನೂ ಅರ್ಥವಾಗಿಲ್ಲ. ಬಾವಿಗೆ ಈಗ ಕಬ್ಬಿಣದ ಜಾಲರಿ ಕೂತಿದೆ, ಮಂಜು ಬಿದ್ದ ದಿನ ನಾನು ಯಾರನ್ನೂ ಹೊರಗೆ ಓಡಿಸುವುದಿಲ್ಲ. ಆ ದನಿ ನೆನೆದರೆ ಮೈ ಜುಮ್ಮೆನ್ನುತ್ತದೆ. ಒಮ್ಮೆ ಕೇಳಿಸಿದ್ದು ಇನ್ನೊಮ್ಮೆ ಕೇಳಿಸೀತು ಎಂಬ ಖಾತ್ರಿ ಇಲ್ಲವಲ್ಲ ಎಂದು ಯೋಚಿಸಿದರೆ ಇನ್ನೂ ಹೆಚ್ಚು ಭಯವಾಗುತ್ತದೆ.

ಕೋಚ್ ಆದೆ. ಶೋಭಕ್ಕ ಈಗಲೂ ಕ್ಲಾಸಿಗೆ ಬರುತ್ತಾರೆ. ಹೆಸರು ಕೂಗಿದರೆ "ಅದೀನವಾ" ಎನ್ನುತ್ತಾರೆ. ಅವರ ತುಟಿ ಅಲುಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಮುಂದಿನ ಹೆಸರು ಕರೆಯುವುದು.