ಬೈಯಲು ಬೇರೆ ಹೆಸರು

ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕಟ್ಟೆಯ ಮೇಲಿದ್ದ ಫೋನು ಟಿಣ್ ಎಂದಿತು. ನಮ್ಮ ಅಭಿಮಾನಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೊಸ ಪ್ರಶ್ನೆ: ‘ನಮ್ಮ ಹೀರೋನನ್ನು ದೇವರು, ಅವತಾರಪುರುಷ ಎಂದೆಲ್ಲ ಕರೆಯುವುದನ್ನು ಇನ್ನು ನಿಲ್ಲಿಸಬೇಕೆ? ಹೌದು ಅಥವಾ ಇಲ್ಲ ಒತ್ತಿ.’ ಕೇಳಿದವನು ಗುಂಪಿನ ಅಡ್ಮಿನ್ ವೀರಭದ್ರ. ನನ್ನ ಚಿಕ್ಕಮ್ಮನ ಮಗ, ಸೊರಬದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಶಿಕಾರಿಪುರದಲ್ಲಿ ಸಂಸಾರ ಮಾಡಿಕೊಂಡಿರುವ ಇವಳಿಗೆ ಈ ವಯಸ್ಸಿನಲ್ಲಿ ಅಭಿಮಾನಿ ಬಳಗವೇ ಎಂದು ನೀವು ನಗಬಹುದು. ನಮ್ಮ ಯಜಮಾನರೂ ನಗುತ್ತಾರೆ.

ನನಗೆ ಮಾತ್ರ ಗುಮಾನಿ ಬಂತು. ಆ ನಟನನ್ನು ಗುಂಪಿನಲ್ಲಿ ಮೊದಲು ದೇವರು ಮಾಡಿದವನೇ ಇವನು. ಹೋದ ತಿಂಗಳು ಹೀರೋನ ಹೊಸ ಪಿಚ್ಚರ್ ನೋಡಿ ಅಂಜನಾಪುರದ ಸುಮಾ ‘ಇಂಟರ್‌ವಲ್ ಆದ್ಮೇಲೆ ಪಿಚ್ಚರ್ ಬೋರು’ ಎಂದು ಬರೆದಾಗ, ದೇವರಲ್ಲಿ ತಪ್ಪು ಹುಡುಕುವವರಿಗೆ ಇಲ್ಲಿ ಜಾಗವಿಲ್ಲ ಎಂದು ಅವಳನ್ನು ಹೊರಹಾಕಿದವನೂ ಇವನೇ. ಮನೆಯಲ್ಲಿ ಪಿಚ್ಚರ್ ಮಾತೆತ್ತುವಂತಿಲ್ಲದ ಆ ಹುಡುಗಿಗೆ ನಗಲು, ಜಗಳವಾಡಲು ಇದ್ದದ್ದು ನಮ್ಮ ಗುಂಪೊಂದೇ. “ಆಂಟಿ, ನಿಮ್ಗೂ ಬೋರಾಗಿತ್ತಲ್ರೀ. ನೀವ್ಯಾಕೆ ಸುಮ್ನಿದ್ರಿ?” ಎಂದು ಫೋನಿನಲ್ಲಿ ಅತ್ತಳು. ನಾನು ಏನೋ ಸಬೂಬು ಹೇಳಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಂಥವನಿಗೆ ಈಗ ಇದ್ದಕ್ಕಿದ್ದಂತೆ ನಿಜವಾದ ದೇವರ ಮೇಲೆ ಭಕ್ತಿ ಉಕ್ಕಿದೆ ಎಂದರೆ ನಂಬುವುದು ಹೇಗೆ? ಯಾರೋ ಹಿರಿಯರು ಅಂಗಡಿಗೆ ಬಂದು ಗದರಿರಬೇಕು. ಇಲ್ಲವೇ ಪಿಚ್ಚರ್ ಮಲಗಿದ್ದಕ್ಕೆ ಈ ದೇವರೂ ಬೇಡವಾಗಿರಬೇಕು.

ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಮಗನನ್ನು ಬೈಯುತ್ತಿದ್ದ ಚಿಕ್ಕಮ್ಮ ನೆನಪಾದಳು. ಮನೆದೇವರ ಹೆಸರಿಟ್ಟ ಮಕ್ಕಳನ್ನು ಆ ಹೆಸರು ಹಿಡಿದು ಬೈಯಬಾರದು ಎಂಬುದು ನಮ್ಮ ಮನೆಗಳ ಕಟ್ಟುಪಾಡು. ಅದಕ್ಕೇ ವೀರಭದ್ರನಿಗೆ ತೊಟ್ಟಿಲಲ್ಲೇ ಇನ್ನೊಂದು ಹೆಸರು ಬಿದ್ದಿತ್ತು, ಕೆಂಚ. ಊಟಕ್ಕೆ ಕರೆಯುವಾಗ “ಬಾರಪ್ಪಾ ವೀರಭದ್ರ.” ಹಾಲು ಚೆಲ್ಲಿದ್ದರೆ “ಎಲ್ಲಿದೀಯೋ ಕೆಂಚಾ!” ಅವನೋ, ಮೊದಲು “ಏನು?” ಎಂದು ಓಗೊಟ್ಟು ಆಮೇಲೆ ಓಡುತ್ತಿದ್ದ.

“ಒಂದೇ ಹೆಸ್ರು ಸಾಲಲ್ವ ಚಿಕ್ಕಮ್ಮ?” ಎಂದು ಒಮ್ಮೆ ಕೇಳಿದ್ದೆ.

“ದೇವ್ರ ಹೆಸ್ರಿಗೆ ಬೈಯಾಕಾಗುತ್ತೇನೇ? ಬೈಯದೆ ಬಿಟ್ರೆ ಇವ್ನು ಮನುಷ್ಯ ಆಗ್ತಾನೇನೇ?” ಎಂದಳು.

ಚಿಕ್ಕಮ್ಮ ತೀರಿಕೊಂಡು ವರ್ಷಗಳಾದವು. ಅವನನ್ನು ಕೆಂಚ ಎನ್ನುವವರು ಈಗ ಯಾರೂ ಇಲ್ಲ. ಗುಂಪಿನಲ್ಲಂತೂ ಅವನು ‘ಅಡ್ಮಿನ್ ಸ್ವಾಮಿ’.

ದೇವರು ಎನ್ನಬೇಡಿ ಎಂದು ನಿಯಮ ಮಾಡಿದರೆ ನಾಳೆ ಚಕ್ರವರ್ತಿ ಎನ್ನುತ್ತಾರೆ. ಚಕ್ರವರ್ತಿಯನ್ನೂ ಬೈಯುವ ಹಾಗಿರುವುದಿಲ್ಲ. ಸುಮಾ ಹೊರಗೇ ಇರುತ್ತಾಳೆ. ನಾನು ಹೌದನ್ನೂ ಒತ್ತಲಿಲ್ಲ, ಇಲ್ಲವನ್ನೂ ಒತ್ತಲಿಲ್ಲ. ಈ ಸಲವೂ ಜಾರಿಕೊಳ್ಳುತ್ತಿದ್ದೇನೆಯೇ ಎಂದು ನನ್ನ ಮೇಲೇ ಅನುಮಾನ ಬಂತು. ಒಲೆ ಆರಿಸಿ, ಎಲ್ಲರಿಗೂ ಕಾಣುವಂತೆ ಬರೆದೆ: ‘ಲೋ ಕೆಂಚಾ, ನಂಗೂ ಆ ಪಿಚ್ಚರ್ ಬೋರೇ ಆಗಿತ್ತು. ಮೊದ್ಲು ಸುಮಾನ ವಾಪಸ್ ಸೇರ್ಸು.’

ನನಗೂ ಬಾಗಿಲು ತೋರಿಸುತ್ತಾನೆ ಎಂದುಕೊಂಡು ಕೂತೆ. ತಟ್ಟೆಯಲ್ಲಿದ್ದ ಮಂಡಕ್ಕಿ ಮೆತ್ತಗಾದ ಮೇಲೆ ಉತ್ತರ ಬಂತು: ‘ಏನಕ್ಕಾ?’

ಅದರ ಕೆಳಗೆ, ಸುಮಾಳನ್ನು ಸೇರಿಸಲಾಗಿದೆ ಎಂಬ ಸಾಲು. ಅದರ ಕೆಳಗೆ ಅವಳ ಮೊದಲ ಮಾತು: ‘ಈಗ್ಲೂ ಬೋರೇ ರೀ.’