ತಿಪ್ಪೆ ಮುಚ್ಚಿಸಿದ ಪುಣ್ಯ

ಕಳೆದ ಸೋಮವಾರ ಬೆಳಗಾವಿಯ ನಮ್ಮ ಮನೆಯಲ್ಲಿ ಅಭಿಷೇಕಕ್ಕೆಂದು ತಾಮ್ರದ ಬಿಂದಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದೆ. ಪಾಚಿಯ ವಾಸನೆ ಮೂಗಿಗಡರಿತು. ನೀರು ಖಾನಾಪುರ ತಾಲ್ಲೂಕಿನ ನಮ್ಮ ಹೊಲದ ಬಾವಿಯದು. ನಗರದ ನಲ್ಲಿಯ ನೀರು ನನ್ನ ಶಿವನಿಗೆ ಸಲ್ಲದೆಂದು ವಾರಕ್ಕೊಮ್ಮೆ ಅದನ್ನು ಬಸ್ಸಿನಲ್ಲಿ ತರಿಸಿಕೊಳ್ಳುವ ಹಿರಿಮೆ ನನ್ನದು. ಶಿವನು ಹಾಗೆಂದು ಎಂದೂ ಹೇಳಿದ್ದಿಲ್ಲ; ಹೇಳಿದವನು ನಾನೇ.

ವಾಸನೆಯೊಡನೆ ನೆನಪಾದದ್ದು ಒಂದು ತಿಪ್ಪೆ. ನಗಬೇಡಿ, ಮಹನೀಯರೇ. ನಮ್ಮ ಹೊಲವನ್ನು ಪಾಲಿಗೆ ಮಾಡುವ ಇಮಾಮಸಾಬ ನನ್ನ ವಾರಿಗೆಯವನು. ಬಾವಿಗೆ ದೂರವಾಗಿ, ದಾರಿಯ ಮಗ್ಗುಲಿಗೆ ಗುಂಡಿ ತೋಡಿ, ಸಗಣಿ, ಎಲೆ, ಬೂದಿಗಳನ್ನು ಕೊಳೆಯಿಸಿ ಮಳೆಗೆ ಮುನ್ನ ಹೊಲಕ್ಕೆ ಹೇರುತ್ತಿದ್ದ. ಆಗಿನ ಮಣ್ಣು ಹಿಡಿಯಲ್ಲಿ ಅದುಮಿದರೂ ಮೆಲ್ಲನೆ ಬಿಡಿಸಿಕೊಳ್ಳುತ್ತಿತ್ತು.

ತಂದೆಯವರ ತರುವಾಯ ಯಜಮಾನಿಕೆ ನನಗೆ ಬಂದಿತು. ಸಂಸ್ಕೃತದ ಮಾಸ್ತರನೆಂಬ ಬಿಂಕ ಬೇರೆ. ಒಮ್ಮೆ ಹೊಲಕ್ಕೆ ಹೋಗಿದ್ದಾಗ, ಮಡಿಯುಟ್ಟು ಬಾವಿಯ ನೀರು ಹೊತ್ತು ಬರುವಾಗ ಆ ತಿಪ್ಪೆಯ ನೊಣವೊಂದು ಬಿಂದಿಗೆಯ ಮೇಲೆ ಕುಳಿತಿತು.

“ಏನಪಾ ಈ ಹೊಲಸು! ಮೊದಲ ಮುಚ್ಚಿಸು. ಅಂಗಡ್ಯಾಗ ಬಿಳೀ ಗೊಬ್ಬರ ಬಂದೈತಿ, ಸಕ್ರಿ ಇದ್ದಂಗ ಐತಿ” ಎಂದೆ.

“ಚಾಕ್ಕ ಹಾಕೂಣೇನ್ರಿ ಮಾಸ್ತರ್ರ?” ಎಂದಿದ್ದ ಇಮಾಮಸಾಬ.

ತರಿಸಿದ ಗೊಬ್ಬರದ ಚೀಲದ ಮೇಲೆ ಲಕ್ಷ್ಮಿಯ ಚಿತ್ರವಿತ್ತು. ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದೆ. ಶಾಸ್ತ್ರ ಓದಿದವನ ವಿವೇಕ ಅಷ್ಟೇ. ವರ್ಷ ಕಳೆದಂತೆ ಕಬ್ಬು ಹೆಚ್ಚು ಬೇಡಿತು, ನಾವು ಹೆಚ್ಚು ಸುರಿದೆವು. ನೆಲ ಹೆಂಚಿನಂತೆ ಬಿಗಿಯಿತು. ಎರೆಹುಳುಗಳು ಕಾಣದಾದವು. ಮಳೆನೀರು ಇಂಗದೆ, ಸುರಿದ ಗೊಬ್ಬರವನ್ನು ಕರಗಿಸಿಕೊಂಡು ಇಳಿಜಾರಿನ ಬಾವಿಗೆ ಹರಿಯಿತು. ಅದೇ ನೀರಿನಿಂದ ನಾನು ದೇವರನ್ನು ಶುದ್ಧಗೊಳಿಸುತ್ತ ಕುಳಿತಿದ್ದೆ. ರೈತರ ದುರಾಸೆಯನ್ನು ಕುರಿತು ನಗರದ ಸಭೆಗಳಲ್ಲಿ ಉಪನ್ಯಾಸವನ್ನೂ ಮಾಡಿದ್ದೇನೆ, ಶಾಲು ಹೊದಿಸಿದರು.

ಆ ಸೋಮವಾರದ ಮರುದಿನವೇ ಬಿಂದಿಗೆ ಹಿಡಿದು ಬಸ್ಸು ಹತ್ತಿದೆ, ಇಮಾಮಸಾಬನನ್ನು ಬೈಯಲೆಂದು.

“ಬಾವಿ ಕೆಡಿಸಿಬಿಟ್ಟಿಯಲ್ಲೋ! ದೇವರಿಗೆ ಇಂಥಾ ನೀರು ಹಾಕೂದೇನು?”

ಇಮಾಮಸಾಬ ಹಗ್ಗ ಸುತ್ತುತ್ತಲೇ ಹೇಳಿದ: “ದೇವರ ಮೈಮ್ಯಾಲೆ ಹಾಕ್ತೀರಿ, ಹರದು ಹೋಗತೈತ್ರಿ. ನಾವು ಕುಡೀತೀವಿ. ಮಗಳು ಹಡಿಯಾಕ ಬಂದಾಳ. ನೀರು ತಪಾಸ ಮಾಡಿದವರು, ನೀರಾಗ ಗೊಬ್ಬರ ಇಳದೈತಿ, ಹುಟ್ಟೂ ಕೂಸಿಗೆ ಇದನ್ನ ಹಾಕಬ್ಯಾಡ್ರಿ ಅಂದಾರ. ಈಗ ನಂದಗಡದಿಂದ ಕೊಡ ಹೊರಾಕತ್ತೀವಿ.”

“ಮೊದಲ ಯಾಕ ಹೇಳಲಿಲ್ಲ?”

“ತಿಪ್ಪಿ ಮುಚ್ಚಬ್ಯಾಡ್ರಿ ಅಂತ ಆವತ್ತ ಹೇಳಾಕ ಬಂದಿದ್ನಲ್ರಿ. ನೀವು ಮಡೀಲಿದ್ರಿ. ದೂರ ನಿಂದ್ರು ಅಂದ್ರಿ.”

ಉತ್ತರೀಯವನ್ನು ಕಳಚಿ ಬೇಲಿಗೆ ತೂಗುಹಾಕಿ, ಕೊಟ್ಟಿಗೆಯಿಂದ ಬುಟ್ಟಿ ಸಗಣಿ ಹೊತ್ತು ಹಳೆಯ ಗುಂಡಿಯ ಜಾಗಕ್ಕೆ ನಡೆದೆ. “ಮಾಸ್ತರ್ರ, ಮೈಲಿಗಿ ಆಗತೈತ್ರಿ, ದೂರ ನಿಂದರ್ರಿ!” ಎಂದು ಹಿಂದಿನಿಂದ ಕೂಗಿ ನಕ್ಕ. ಆಮೇಲೆ ಸಲಿಕೆ ಹಿಡಿದು ಬಂದ.

ಇಂದು ಮತ್ತೆ ಸೋಮವಾರ. ಆ ಬಾವಿ ಈ ಹೆರಿಗೆಯ ಹೊತ್ತಿಗೆ ತಿಳಿಯಾಗುವುದಿಲ್ಲ. ಮಣ್ಣು ನಮ್ಮ ಪಶ್ಚಾತ್ತಾಪದ ವೇಗಕ್ಕೆ ಒಗ್ಗುವಂಥದ್ದಲ್ಲ. ಶಿವನಿಗೆ ನಲ್ಲಿಯ ನೀರೆರೆದೆ, ಆಕ್ಷೇಪವೇನೂ ಬರಲಿಲ್ಲ. ಅದೇ ನೀರನ್ನು ಕಾಯಿಸಿ ಆರಿಸಿ ಬಿಂದಿಗೆಗೆ ತುಂಬಿ, ಬಾಯಿಗೆ ಮಡಿಬಟ್ಟೆ ಕಟ್ಟಿ, ಇಮಾಮಸಾಬನ ಮಗಳಿಗೆಂದು ಖಾನಾಪುರದ ಬಸ್ಸಿಗೆ ಇಟ್ಟು ಬಂದಿದ್ದೇನೆ. ಎಷ್ಟು ತೊಳೆದರೂ ಕೈಗೆ ಇನ್ನೂ ಸಗಣಿಯ ವಾಸನೆಯಿದೆಯೆನಿಸುತ್ತದೆ. ಅದನ್ನು ಕಳೆದುಕೊಳ್ಳುವ ಆತುರ ನನಗಿಲ್ಲ.