ಎಂಟನೇ ಇನ್ನಿಂಗ್ಸಿನಲ್ಲಿ ಎಮಿಲ್ ಆಡಿದ ಮಾತು

ಆ ವರ್ಷ ನಮ್ಮ ಹೆರನ್ಸ್ ತಂಡ ಹೊಗಳುವಂತೆಯೂ ಆಡಲಿಲ್ಲ, ಬೈದು ಮನೆಗೆ ಹೋಗುವಂತೆಯೂ ಆಡಲಿಲ್ಲ. ಒಂದು ಗೆಲುವು, ಒಂದು ಸೋಲು. ಇಂಥ ತಂಡದ ಬೇಸ್‌ಬಾಲ್ ನೋಡಲು ಬರುವವರು ಒಂದೋ ಚಟಕ್ಕೆ ಬಿದ್ದವರು, ಇಲ್ಲವೇ ಮನೆಯಲ್ಲಿ ಮಾತಾಡಿಸುವವರಿಲ್ಲದವರು. ನಾನು ಮೊದಲಿನಿಂದಲೂ ಚಟದವಳು. ಎಮಿಲ್ ವೊಯ್ಚಿಕ್ ಆ ವರ್ಷ ಇನ್ನೊಂದು ಗುಂಪಿಗೆ ಸೇರಿದ್ದ.

ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಹನ್ನೊಂದನೇ ಸಾಲಿನಲ್ಲಿ ನನ್ನ ಪಕ್ಕ ಅವನು, ಅವನ ಆ ಪಕ್ಕ ಹೆಂಡತಿ ಬರ್ನಿಸ್. ಮೂವತ್ತು ವರ್ಷ ಬಂದರೂ ಬರ್ನಿಸಳಿಗೆ ಆಟದ ತಲೆಬುಡ ತಿಳಿಯಲಿಲ್ಲ. ಸ್ವೆಟರ್ ಹೆಣೆಯುತ್ತಾ, "ಎಮಿಲ್, ಬ್ಯಾಟ್ ಹಿಡಿದಿರೋನು ಯಾರ ಕಡೆಯವನು?" ಎಂದು ಕೇಳುವಳು. ನಾವು ನಗುತ್ತಿದ್ದೆವು. ಅವನು ಮಾತ್ರ ಒಮ್ಮೆಯೂ ರೇಗದೆ ಮೊದಲಿನಿಂದ ಹೇಳುತ್ತಿದ್ದ.

ಫೆಬ್ರುವರಿಯಲ್ಲಿ ಬರ್ನಿಸ್ ತೀರಿಕೊಂಡಳು. ಏಪ್ರಿಲಿನಲ್ಲಿ ಎಮಿಲ್ ಎಂದಿನಂತೆ ಎರಡು ಸೀಟು ಹಿಡಿದು, ಅವಳ ಕುರ್ಚಿಯ ಮೇಲೆ ತನ್ನ ಟೋಪಿ ಇಟ್ಟ. ನಾವು ಅಯ್ಯೋ ಪಾಪ ಎಂದೆವು, ಕಡಲೆಕಾಯಿ ಕೊಟ್ಟೆವು, ಆಮೇಲೆ ಮರೆತೆವು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ನಮ್ಮ ಟೆಲ್ಲೆಸ್ ಚೆಂಡು ಎಸೆಯುತ್ತಿದ್ದ. ಏಳು ಇನ್ನಿಂಗ್ಸ್ ಮುಗಿದರೂ ಎದುರಾಳಿಗಳಿಗೆ ಚೆಂಡು ಹೊಡೆದು ಬೇಸ್ ಮುಟ್ಟುವ ಒಂದು ಹಿಟ್ ಕೂಡ ಸಿಕ್ಕಿರಲಿಲ್ಲ. ಒಂಬತ್ತೂ ಇನ್ನಿಂಗ್ಸ್ ಹೀಗೇ ಮುಗಿದರೆ ಅದು ಬಲು ಅಪರೂಪದ ಸಾಧನೆ. ಇಂಥ ಹೊತ್ತಿನಲ್ಲಿ ಹಿಟ್ ಬಿದ್ದಿಲ್ಲವೆಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಬಾರದು. ಆಡಿದರೆ ಕೆಟ್ಟಿತು. ಇದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವನೇ ಎಮಿಲ್. ನಮ್ಮ ಸಾಲಿನಲ್ಲಿ ಯಾರೂ ಕಾಲು ಕೂಡ ಅಲ್ಲಾಡಿಸುತ್ತಿರಲಿಲ್ಲ. ಎಂಟನೇ ಇನ್ನಿಂಗ್ಸು, ಇಬ್ಬರು ಔಟು. ಆಗ ಎಮಿಲ್ ಎಲ್ಲರಿಗೂ ಕೇಳುವಂತೆ ಹೇಳಿದ:

"ಇನ್ನೂ ಒಂದೇ ಒಂದು ಹಿಟ್ ಬಿದ್ದಿಲ್ಲ, ಗೊತ್ತಾ?"

ಮುಂದಿನ ಚೆಂಡಿಗೇ ಹಿಟ್ ಬಿತ್ತು.

ಹಿಂದಿನ ಸಾಲಿನ ಹೂಪರ್ ಎದ್ದು ನಿಂತ. "ಬಾಯಿಗೆ ಬೀಗ ಹಾಕ್ಕೊಳ್ಳೋಕೆ ಆಗ್ಲಿಲ್ವೇನ್ರೀ? ಮೊನ್ನೆ ಮೊನ್ನೆ ಆಟ ನೋಡೋಕೆ ಬಂದೋರ ಥರ!"

ನಾನೇನು ಕಮ್ಮಿಯೇ? "ಇಡೀ ವರ್ಷಕ್ಕೆ ಒಂದು ಒಳ್ಳೇ ದಿನ ಬಂದಿತ್ತು ಎಮಿಲ್, ಅದಕ್ಕೂ ಕಲ್ಲು ಹಾಕಿದ್ರಿ" ಎಂದೆ.

ಅವನು ಎದ್ದ. ಕುರ್ಚಿಯ ಮೇಲಿದ್ದ ಟೋಪಿ ಎತ್ತಿಕೊಂಡು ಹೊರಟುಹೋದ. ಕೂತ್ಕೊಳ್ಳಿ ಎಂದು ಯಾರೂ ಅನ್ನಲಿಲ್ಲ. ಆಮೇಲೆ ಅವನು ನಮ್ಮ ಸಾಲಿಗೆ ಬರಲೂ ಇಲ್ಲ.

ಸೆಪ್ಟೆಂಬರ್ ಕೊನೆಯ ಪಂದ್ಯ. ಎಂಬತ್ತು ಗೆದ್ದಿದ್ದೆವು, ಎಂಬತ್ತೊಂದು ಸೋತಿದ್ದೆವು. ಗೆದ್ದರೆ ಸಮ, ಅಷ್ಟೇ. ಹೂಪರ್ ಮೇಲಂತಸ್ತಿನ ಕಡೆ ಕೈ ತೋರಿಸಿ, "ನೋಡಿ, ಅಪಶಕುನ ಅಲ್ಲಿ ಹತ್ತಿ ಕೂತಿದೆ" ಎಂದ. ಖಾಲಿ ಕುರ್ಚಿಗಳ ನಡುವೆ ಎಮಿಲ್ ಒಬ್ಬನೇ ಕೂತಿದ್ದ. ನನಗೆ ನಗು ಬರಲಿಲ್ಲ.

ಏಳನೇ ಇನ್ನಿಂಗ್ಸಿನ ನಡುವೆ ವಾಡಿಕೆಯಂತೆ ಎಲ್ಲರೂ ಎದ್ದು ಮೈಮುರಿದು ಹಾಡುವಾಗ, ತಪ್ಪಾಯಿತೆಂದು ಹೇಳಲು ಮೆಟ್ಟಿಲು ಹತ್ತಿದೆ. ಮಂಡಿ ನೋವು ಬೇರೆ, ನಿಂತು ನಿಂತು ಹತ್ತಿದೆ. ಮೇಲೆ ತಲುಪುವಷ್ಟರಲ್ಲಿ ಆಟ ಮತ್ತೆ ಶುರುವಾಗಿತ್ತು. ಹಿಂದಿನಿಂದ ಅವನ ದನಿ ಕೇಳಿಸಿತು.

"ಈಗ ಇಬ್ಬರು ಔಟು. ನಾಲ್ಕಕ್ಕೆ ನಾಲ್ಕು, ಸಮ ಇದ್ದೀವಿ. ಗೆದ್ದೇವು, ನೋಡೋಣ."

ಪಕ್ಕದ ಕುರ್ಚಿಯ ಮೇಲೆ ಟೋಪಿ ಇತ್ತು.

ಆ ಭಾನುವಾರ ಅವನು ಯಾರಿಗೆ ಹೇಳಿದನೆಂದು ಆಗ ತಿಳಿಯಿತು. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆಯಾಯಿತು. ಟೋಪಿಯ ಕುರ್ಚಿ ಬಿಟ್ಟು ಆಚೆಯದರಲ್ಲಿ ಕೂತೆ. ಅವನು ತಟ್ಟನೆ ಮಾತು ನಿಲ್ಲಿಸಿದ.

"ಕೆಳಗೆ ಹೋಗಿ ಗ್ಲೆಂಡಾ. ನನ್ನ ಜೊತೆ ಕೂತ್ರೆ ತಂಡ ಸೋಲುತ್ತೆ."

ನಾನು ಏಳಲಿಲ್ಲ. ಇಪ್ಪತ್ತೆರಡು ವರ್ಷ ಒಂದೊಂದು ಚೆಂಡನ್ನೂ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡವಳು ನಾನು, ಮೈದಾನದತ್ತ ನೋಡಿ ಕೇಳಿದೆ:

"ಎಮಿಲ್, ಬ್ಯಾಟ್ ಹಿಡಿದಿರೋನು ಯಾರ ಕಡೆಯವನು?"

ಅವನು ನನ್ನ ಮುಖ ನೋಡಿದ. ಆಮೇಲೆ ಟೋಪಿಯ ಕಡೆ ತಿರುಗಿದ.

"ನಮ್ಮವನು. ಬಿಳೀ ಅಂಗಿ ಅಂದ್ರೆ ನಮ್ಮೋರು. ಎಷ್ಟು ಸಲ ಹೇಳಿದ್ದೀನಿ ನಿನಗೆ."